ಪೊದೆಯ ಹಿಂದಿನವನನ್ನು ತೆಗೆದರೆ

ಮೂರು ವರ್ಷದ ಹಿಂದೆ ಒಂದು ಶಾಲೆಯವರು ವಾರ್ಷಿಕೋತ್ಸವಕ್ಕೆ ಮಕ್ಕಳ ನಾಟಕ ಮಾಡಿಸಿಕೊಡಿ ಎಂದು ಕರೆದರು. ಐದು ಮತ್ತು ಆರನೇ ತರಗತಿಯ ಹದಿನೆಂಟು ಮಕ್ಕಳು, ಐದು ವಾರದ ತಾಲೀಮು. ನಾನು ಆರಿಸಿಕೊಂಡದ್ದು ರವೀಂದ್ರನಾಥ ಟಾಗೋರರು 1918ರಲ್ಲಿ ಬರೆದ ಗಿಳಿಯ ಕಥೆ. ಬಿ.ವಿ. ಕಾರಂತರ ‘ಪಂಜರ ಶಾಲೆ’ಯಿಂದಾಗಿ ಕನ್ನಡದ ಮಕ್ಕಳ ರಂಗಭೂಮಿಗೆ ಆ ಕಥೆ ಹೊಸದಲ್ಲ. ನಾವು ಮೂಲ ಕಥೆಯನ್ನೇ ಹಿಡಿದು, ಮಕ್ಕಳ ಬಾಯಿಂದ ಬಂದ ಮಾತುಗಳನ್ನು ಪೋಣಿಸಿ ಒಂದು ಪುಟ್ಟ ನಾಟಕ ಕಟ್ಟಿಕೊಂಡೆವು.

ಹಾಡಿಕೊಂಡು, ಹಾರಿಕೊಂಡು ಇದ್ದ ಹಕ್ಕಿಗೆ ವಿದ್ಯೆಯಿಲ್ಲ ಎಂದು ರಾಜನಿಗೆ ಅನ್ನಿಸುತ್ತದೆ. ಕಲಿಸುವ ಹೊಣೆ ಸೋದರಳಿಯಂದಿರಿಗೆ ಬೀಳುತ್ತದೆ. ಅಕ್ಕಸಾಲಿಗ ಚಿನ್ನದ ಪಂಜರ ಮಾಡಿ ಚೀಲ ತುಂಬಿಸಿಕೊಂಡು ಹೋಗುತ್ತಾನೆ. ಪುಸ್ತಕಗಳನ್ನು ನಕಲು ಮಾಡಿದವರು ಎತ್ತಿನ ಮೇಲೆ ಇನಾಮು ಹೇರಿಕೊಂಡು ಹೋಗುತ್ತಾರೆ. ಪಂಡಿತರು ಪುಸ್ತಕದ ಹಾಳೆಗಳನ್ನು ಹಕ್ಕಿಯ ಬಾಯಿಗೆ ತುರುಕುತ್ತಾರೆ. ಹಕ್ಕಿಯೊಂದನ್ನು ಬಿಟ್ಟು ಎಲ್ಲರೂ ಕೊಬ್ಬುತ್ತಾರೆ. ಒಂದು ದಿನ ರಾಜ ತಾನೇ ನೋಡಲು ಬಂದಾಗ ಶಂಖ, ಡೋಲು, ಜಯಕಾರಗಳ ಅಬ್ಬರ. ಆ ಅಬ್ಬರಕ್ಕೇ ಸಂತೋಷಪಟ್ಟು ಇನ್ನೇನು ಆನೆ ಹತ್ತಬೇಕು, ಅಷ್ಟರಲ್ಲಿ ಪೊದೆಯ ಹಿಂದೆ ಅಡಗಿದ್ದ ಟೀಕಾಕಾರನೊಬ್ಬ ಕೂಗಿ, ಹಕ್ಕಿಯನ್ನು ನೋಡಿದ್ದಾಯಿತೇ ಎಂದು ಕೇಳುತ್ತಾನೆ. ರಾಜನಿಗೆ ಆಗ ನೆನಪಾಗುತ್ತದೆ, ತಾನು ಬಂದದ್ದು ಹಕ್ಕಿ ನೋಡಲಿಕ್ಕೆ ಎಂದು.

ಎರಡನೇ ವಾರ ಆಡಳಿತದವರೊಬ್ಬರು ತಾಲೀಮು ನೋಡಲು ಬಂದರು. ಕೊನೆಯವರೆಗೂ ಕೂತರು, ಮಕ್ಕಳಿಗೆ ಚಪ್ಪಾಳೆ ತಟ್ಟಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: “ಎಲ್ಲಾ ಚೆನ್ನಾಗಿದೆ ಸಾರ್. ಆದ್ರೆ ಆ ಪೊದೆ ಹಿಂದೆ ಕೂತು ಕೂಗೋ ಪಾತ್ರ ಬೇಡ. ಅವತ್ತು ದೊಡ್ಡವರೆಲ್ಲ ಬಂದಿರ್ತಾರೆ. ಮಕ್ಕಳ ನಾಟಕದಲ್ಲಿ ರಾಜಕೀಯ ಯಾಕೆ?”

ಆಗಲಿ ಎಂದು ತಲೆಯಾಡಿಸಿ ಮನೆಗೆ ಬಂದೆ. ತಲೆಯಾಡಿಸಿದ್ದು ತಪ್ಪು ಎಂದು ಆವತ್ತು ರಾತ್ರಿಯೇ ಗೊತ್ತಾಯಿತು. ಅವರಿಗೆ ಆಗ ಹೇಳಲಾಗದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ಅವರೊಬ್ಬರಿಗೇ ಹೇಳುತ್ತಿಲ್ಲ. ‘ಮಕ್ಕಳಿಗೆ ರಾಜಕೀಯ ಬೇಡ’ ಎಂಬ ಮಾತನ್ನು ನಾನು ಮಕ್ಕಳ ಸಾಹಿತ್ಯದ ಗೋಷ್ಠಿಗಳಲ್ಲಿ ಕೇಳಿದ್ದೇನೆ, ಪುಸ್ತಕ ಕೊಳ್ಳಲು ಬಂದ ತಾಯ್ತಂದೆಯರ ಬಾಯಲ್ಲಿ ಕೇಳಿದ್ದೇನೆ, ಒಳ್ಳೆಯ ಲೇಖಕರ ಬಾಯಲ್ಲೂ ಕೇಳಿದ್ದೇನೆ. ಮಗುವಿನ ಮನಸ್ಸು ಬಿಳಿ ಹಾಳೆಯಂತೆ, ಅದರ ಮೇಲೆ ಹೂವು, ಚಿಟ್ಟೆ, ಸತ್ಯ, ದಯೆ ಇಷ್ಟನ್ನೇ ಬರೆಯಬೇಕಂತೆ. ಓದಿಕೊಂಡವರು ಇದನ್ನೇ ಇನ್ನೊಂದು ಬಗೆಯಲ್ಲಿ ಹೇಳುತ್ತಾರೆ. ಮಕ್ಕಳ ಕಥೆಯೊಳಗಿನ ವಿಡಂಬನೆ ನಿಜವಾಗಿ ದೊಡ್ಡವರಿಗೆ ಬರೆದದ್ದು, ಮಗುವಿಗೆ ಕಥೆ ಮಾತ್ರ ಸಿಗುತ್ತದೆ, ಒಳಗಿನ ತಿರುಳು ನಮಗೆ, ಎನ್ನುತ್ತಾರೆ. ಮೊದಲನೆಯವರು ಮಗುವಿನ ಕೈಯಿಂದ ಪುಸ್ತಕ ಕಿತ್ತುಕೊಳ್ಳುತ್ತಾರೆ, ಎರಡನೆಯವರು ಪುಸ್ತಕ ಅದರ ಕೈಯಲ್ಲೇ ಇರಲಿ, ಅರ್ಥ ಮಾತ್ರ ನಮಗಿರಲಿ ಎನ್ನುತ್ತಾರೆ. ಇಬ್ಬರ ನಂಬಿಕೆಯೂ ಒಂದೇ: ಅಧಿಕಾರ ಎಂದರೇನು ಎಂದು ಮಗುವಿಗೆ ತಿಳಿಯದು.

ಇದಕ್ಕಿಂತ ದೊಡ್ಡ ಸುಳ್ಳು ಇನ್ನೊಂದಿಲ್ಲ. ಯಾವಾಗ ಏಳಬೇಕು, ಏನು ಉಣ್ಣಬೇಕು, ಯಾರ ಪಕ್ಕ ಕೂರಬೇಕು, ಯಾವಾಗ ಮಾತಾಡಬಹುದು, ಉಚ್ಚೆಗೆ ಹೋಗಬಹುದೇ ಎಂಬುದನ್ನೂ ಬೇರೆಯವರಿಂದ ಕೇಳಿಕೊಂಡು ಬದುಕುವವರು ಈ ನಾಡಿನಲ್ಲಿ ಯಾರಿದ್ದಾರೆ? ಕೈದಿಗಳು ಮತ್ತು ಮಕ್ಕಳು. ಮೇಷ್ಟರು ಹೊರಗೆ ಹೋದಾಗ ಕ್ಲಾಸ್ ಲೀಡರ್ ಬೋರ್ಡಿನ ಮೇಲೆ ಮಾತಾಡಿದವರ ಹೆಸರು ಬರೆಯುತ್ತಾನಲ್ಲ, ಅಲ್ಲಿ ಯಾರ ಹೆಸರು ಬರುವುದಿಲ್ಲ ಎಂಬುದು ಎಂಟು ವರ್ಷದ ಮಗುವಿಗೆ ಚೆನ್ನಾಗಿ ಗೊತ್ತು. ಲೀಡರನಿಗೆ ಪೆನ್ಸಿಲ್ ಕೊಟ್ಟವನ ಹೆಸರು ಬರುವುದಿಲ್ಲ. ನಮ್ಮ ತಾಲೀಮಿನಲ್ಲಿ ರಾಜ ಬರುವ ದೃಶ್ಯವನ್ನು ಹೇಗೆ ಮಾಡೋಣ ಎಂದು ಕೇಳಿದಾಗ ಆರನೇ ತರಗತಿಯ ಹುಡುಗನೊಬ್ಬ ತಟ್ಟನೆ ಎದ್ದ. ಬಣ್ಣದ ಚಾರ್ಟುಗಳನ್ನು ಗೋಡೆಗೆ ಅಂಟಿಸೋಣ, ರಾಜ ಆ ಕಡೆ ತಿರುಗಿದ ಕೂಡಲೇ ಕಿತ್ತು ಇನ್ನೊಂದು ಗೋಡೆಗೆ ಅಂಟಿಸೋಣ ಎಂದ. ಟಾಗೋರರ ಕಥೆಯಲ್ಲಿ ಅದಿಲ್ಲ. ಇನ್ಸ್‌ಪೆಕ್ಷನ್ ದಿನ ಅವನು ಕಂಡದ್ದು ಅದು. ಉಳಿದ ಹದಿನೇಳು ಮಕ್ಕಳು ನಕ್ಕರು, ಏಕೆಂದರೆ ಅವರೂ ಕಂಡಿದ್ದರು. ಆ ನಗುವಿಗೆ ಯಾರೂ ಅವರಿಗೆ ಅರ್ಥ ಹೇಳಿಕೊಡಬೇಕಾಗಲಿಲ್ಲ.

ನಮ್ಮಲ್ಲಿ ಮಕ್ಕಳಿಗೆ ಹೇಳುವ ಕಥೆಗಳ ಹೆಸರೇ ‘ನೀತಿ ಕಥೆ’. ಈ ನೀತಿ ಎಂಬ ಪದಕ್ಕೆ ನಾವು ಏನು ಮಾಡಿದ್ದೇವೆ ನೋಡಿ. ಪಂಚತಂತ್ರ ನೀತಿಯ ಗ್ರಂಥ ಎಂದಾಗ ಅಲ್ಲಿ ನೀತಿ ಎಂದರೆ ರಾಜನೀತಿ. ಅಮರಶಕ್ತಿ ಎಂಬ ರಾಜನ ಮೂವರು ದಡ್ಡ ಮಕ್ಕಳಿಗೆ ಆರು ತಿಂಗಳಲ್ಲಿ ರಾಜ್ಯವಾಳುವ ಬುದ್ಧಿ ಕಲಿಸುತ್ತೇನೆಂದು ವಿಷ್ಣುಶರ್ಮ ಒಪ್ಪಿಕೊಂಡು ಹೇಳಿದ ಕಥೆಗಳು ಅವು. ಕನ್ನಡಕ್ಕೆ ಪಂಚತಂತ್ರವನ್ನು ತಂದ ದುರ್ಗಸಿಂಹ ಹನ್ನೊಂದನೇ ಶತಮಾನದಲ್ಲಿ ಚಾಲುಕ್ಯ ಜಯಸಿಂಹನ ಆಸ್ಥಾನದಲ್ಲಿ ಸಂಧಿವಿಗ್ರಹಿಯಾಗಿದ್ದವನು, ಅಂದರೆ ಯುದ್ಧ ಮತ್ತು ಸಂಧಿಯ ಮಂತ್ರಿ. ಮೊದಲ ತಂತ್ರದ ಹೆಸರು ಮಿತ್ರಭೇದ. ಅದರ ನಡುವೆ ನಿಂತವು ಅರಮನೆಯ ಬಾಗಿಲಲ್ಲಿ ಕೆಲಸ ಕಳೆದುಕೊಂಡು ಕಾಯುತ್ತಿರುವ ಎರಡು ನರಿಗಳು. ಸಿಂಹಕ್ಕೂ ಎತ್ತಿಗೂ ಸ್ನೇಹವಾದದ್ದನ್ನು ಕಂಡು, ಆ ಸ್ನೇಹ ಒಡೆದರಷ್ಟೇ ತಮಗೆ ಮತ್ತೆ ಜಾಗ ಸಿಗುತ್ತದೆಂದು ಲೆಕ್ಕ ಹಾಕುವ ಆಸ್ಥಾನಿಕರ ಕಥೆ ಅದು. ಈ ಪುಸ್ತಕವನ್ನೇ ನಾವು ಮಕ್ಕಳಿಗೆ ಕೊಡುತ್ತೇವೆ, ಆಮೇಲೆ ಮಕ್ಕಳಿಗೆ ರಾಜಕೀಯ ಬೇಡ ಎನ್ನುತ್ತೇವೆ. ಹಾಗೆನ್ನಬೇಕಾದರೆ ಮೊದಲು ಕಥೆಯ ಕೈಕಾಲು ಕತ್ತರಿಸಬೇಕು. ಕತ್ತರಿಸಿದ್ದೇವೆ.

ನೀಲಿ ನರಿಯ ಕಥೆಯನ್ನೇ ತೆಗೆದುಕೊಳ್ಳಿ. ಶಾಲೆಯ ಪುಸ್ತಕದಲ್ಲಿ ಅದು ಅರ್ಧ ಪುಟ. ನಾಯಿಗಳು ಅಟ್ಟಿಸಿಕೊಂಡು ಬಂದಾಗ ನರಿ ನೀಲಿಯ ತೊಟ್ಟಿಗೆ ಬೀಳುತ್ತದೆ, ಮೈಯೆಲ್ಲ ನೀಲಿಯಾಗುತ್ತದೆ, ಕಾಡಿಗೆ ಹೋಗಿ ರಾಜ ತಾನೇ ಎನ್ನುತ್ತದೆ, ಕೊನೆಗೆ ಊಳಿಟ್ಟು ಸಿಕ್ಕಿಬೀಳುತ್ತದೆ. ಕೆಳಗೆ ಒಂದು ಗೆರೆ, ಗೆರೆಯ ಕೆಳಗೆ ‘ನೀತಿ: ಮೋಸ ಮಾಡಬಾರದು’. ಸಂಸ್ಕೃತದ ಕಥೆಯಲ್ಲಿ ಇದರ ನಡುವೆ ಬರುವುದನ್ನು ನೋಡಿ. ಪಟ್ಟಕ್ಕೇರಿದ ನರಿ ಸಿಂಹವನ್ನು ಮಂತ್ರಿಯಾಗಿ ಮಾಡುತ್ತದೆ, ಹುಲಿಗೆ ಹಾಸಿಗೆಯ ಕಾವಲು, ಚಿರತೆಗೆ ತಾಂಬೂಲದ ಅಧಿಕಾರ, ತೋಳಕ್ಕೆ ಬಾಗಿಲ ಕಾವಲು. ದೊಡ್ಡ ದೊಡ್ಡ ಪ್ರಾಣಿಗಳಿಗೆಲ್ಲ ಖಾತೆ ಹಂಚಿದ ಮೇಲೆ ತನ್ನದೇ ಕುಲದ ನರಿಗಳನ್ನು ಕತ್ತು ಹಿಡಿದು ಹೊರಗೆ ತಳ್ಳಿಸುತ್ತದೆ. ತನ್ನನ್ನು ಗುರುತಿಸಬಲ್ಲವರು ಅವರೊಬ್ಬರೇ, ಅದಕ್ಕೆ. ಸಿಂಹ, ಹುಲಿಗಳು ಬೇಟೆಯಾಡಿ ತಂದದ್ದನ್ನು ಮುಂದಿಟ್ಟುಕೊಂಡು, ತಾನು ಬೇಟೆಯಾಡದೆಯೇ, ಪ್ರಭುವಿನ ಗತ್ತಿನಲ್ಲಿ ಎಲ್ಲರಿಗೂ ಪಾಲು ಹಂಚುತ್ತದೆ. ಇಷ್ಟನ್ನೂ ಮಕ್ಕಳಿಗೆ ಹೇಳಿ ನೋಡಿ. ನಾನು ಹೇಳಿ ನೋಡಿದ್ದೇನೆ. ಅವರು ಕೇಳುವ ಮೊದಲ ಪ್ರಶ್ನೆ ಮೋಸದ ಬಗ್ಗೆ ಇರುವುದೇ ಇಲ್ಲ. ಹುಲಿ, ಸಿಂಹಕ್ಕೆ ಮೂಗಿಲ್ಲವೇ, ವಾಸನೆ ಗೊತ್ತಾಗಲಿಲ್ಲವೇ ಎಂದು ಕೇಳುತ್ತಾರೆ. ಬಲವಿದ್ದವರು ಯಾಕೆ ನಂಬಿದರು ಎಂಬುದು ಆ ಪ್ರಶ್ನೆ. ರಾಜನೀತಿ ಓದುವವರು ಇಡೀ ಜೀವಮಾನ ಕೇಳಿಕೊಳ್ಳುವ ಪ್ರಶ್ನೆ ಅದೇ. ನಾವು ಗೆರೆ ಎಳೆದು ಕೆಳಗೆ ಉತ್ತರ ಬರೆದುಬಿಟ್ಟಾಗ ಆ ಪ್ರಶ್ನೆ ಮಗುವಿನ ಬಾಯಲ್ಲೇ ಸಾಯುತ್ತದೆ.

ಹೀಗೆ ಕತ್ತರಿಸುವ ಚಾಳಿ ನಮ್ಮೊಬ್ಬರದೇ ಅಲ್ಲ. ಜೊನಾಥನ್ ಸ್ವಿಫ್ಟ್ 1726ರಲ್ಲಿ ಪ್ರಕಟಿಸಿದ ಗಲಿವರನ ಯಾತ್ರೆಗಳಲ್ಲಿ ನಾಲ್ಕು ಪ್ರಯಾಣಗಳಿವೆ. ಮಕ್ಕಳಿಗೆ ಸಿಗುವುದು ಒಂದು, ಹೆಚ್ಚೆಂದರೆ ಎರಡು. ಲಿಲಿಪುಟ್ಟಿನ ಕುಳ್ಳರು ದೈತ್ಯನನ್ನು ಹಗ್ಗದಿಂದ ಕಟ್ಟಿದ ಚಿತ್ರ ಯಾರಿಗೆ ನೆನಪಿಲ್ಲ? ಮೊಟ್ಟೆಯನ್ನು ಯಾವ ತುದಿಯಿಂದ ಒಡೆಯಬೇಕು ಎಂದು ಎರಡು ರಾಜ್ಯ ಹೊಡೆದಾಡುವುದೂ ಕೆಲವು ಪುಸ್ತಕಗಳಲ್ಲಿ ತಮಾಷೆಗೆಂದು ಉಳಿದಿದೆ. ನಾನು ಚಿಕ್ಕಂದಿನಲ್ಲಿ ಓದಿದ ಪುಸ್ತಕದಲ್ಲಿ ಗಲಿವರ್ ಶತ್ರುಗಳ ಹಡಗುಗಳನ್ನು ದಾರ ಕಟ್ಟಿ ಎಳೆದು ತರುತ್ತಿದ್ದ, ರಾಜ ಮೆಚ್ಚುತ್ತಿದ್ದ, ಕಥೆ ಮುಗಿಯುತ್ತಿತ್ತು. ಪೂರ್ತಿ ಪುಸ್ತಕ ಕೈಗೆ ಸಿಕ್ಕಿದಾಗ ನನಗೆ ಇಪ್ಪತ್ತು ದಾಟಿತ್ತು. ಐವತ್ತು ಯುದ್ಧನೌಕೆ ಎಳೆದು ತಂದ ಮೇಲೆ ರಾಜನ ಹಸಿವು ಹೆಚ್ಚಾಗುತ್ತದೆ. ಆ ಇಡೀ ನಾಡನ್ನು ತನ್ನ ಪ್ರಾಂತ್ಯ ಮಾಡಿಕೊಡು ಎನ್ನುತ್ತಾನೆ. ಸ್ವತಂತ್ರ ಜನರನ್ನು ಗುಲಾಮರನ್ನಾಗಿ ಮಾಡುವುದಕ್ಕೆ ನಾನು ಸಾಧನವಾಗಲಾರೆ ಎಂದು ಗಲಿವರ್ ಹೇಳುತ್ತಾನೆ. ಅಲ್ಲಿಂದ ಆಸ್ಥಾನ ಅವನ ಮೇಲೆ ತಿರುಗಿಬೀಳುತ್ತದೆ, ರಾಜದ್ರೋಹದ ಆರೋಪ ಬರುತ್ತದೆ, ಕಣ್ಣು ಕೀಳಬೇಕೆಂದು ತೀರ್ಮಾನವಾಗುತ್ತದೆ, ಅವನು ಓಡಿಹೋಗಬೇಕಾಗುತ್ತದೆ. ಹಡಗು ಎಳೆದ ಗಲಿವರನನ್ನು ನನಗೆ ಕೊಟ್ಟು, ಒಲ್ಲೆ ಎಂದ ಗಲಿವರನನ್ನು ಬಚ್ಚಿಟ್ಟವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಹತ್ತು ವರ್ಷದ ಹುಡುಗನಿಗೆ ಅರ್ಥವಾಗದ ಮಾತೇನಲ್ಲ ಅದು. ಬಲಿಷ್ಠ ಗೆಳೆಯ ಇನ್ನೊಬ್ಬನನ್ನು ಹಿಡಿದುಕೊಂಡಾಗ ‘ನೀನೂ ಹೊಡಿ’ ಎಂದು ಹೇಳಿಸಿಕೊಂಡ ಯಾವ ಹುಡುಗನಿಗೂ ಅದು ಅರ್ಥವಾಗುತ್ತದೆ.

ಆಂಡರ್ಸನ್ನನ ರಾಜನ ಹೊಸ ಬಟ್ಟೆಯ ಕಥೆಗೂ ಇದೇ ಗತಿಯಾಗಿದೆ. 1837ರಲ್ಲಿ ಪ್ರಕಟವಾದ ಆ ಕಥೆಯ ಬೇರು ಸ್ಪೇನಿನಲ್ಲಿ, ಡಾನ್ ಹುವಾನ್ ಮಾನ್ಯುಯೆಲ್ 1335ರಲ್ಲಿ ಬರೆದು ಮುಗಿಸಿದ ಕಥೆಗಳ ಗ್ರಂಥದಲ್ಲಿದೆ. ಅಲ್ಲಿ ರಾಜ ಬೆತ್ತಲೆ ಎಂದು ಹೇಳುವವನು ಮಗುವಲ್ಲ, ಅವನ ಕುದುರೆ ನೋಡಿಕೊಳ್ಳುವ ಕಪ್ಪು ಆಳು. ಕಳೆದುಕೊಳ್ಳಲಿಕ್ಕೆ ಅವನಿಗೆ ಏನೂ ಇಲ್ಲ, ಆದ್ದರಿಂದ ಹೇಳಬಲ್ಲ. ಆಂಡರ್ಸನ್ ಮೊದಲು ಮಗುವಿನ ಪಾತ್ರವನ್ನೇ ಬರೆದಿರಲಿಲ್ಲ. ಕಥೆ ಅಚ್ಚಿಗೆ ಹೋದ ಮೇಲೆ ಕೊನೆಯನ್ನು ಬದಲಿಸಿ ಆ ಮಗುವನ್ನು ತಂದ. ಆಳಿನ ಜಾಗದಲ್ಲಿ ಮಗು ಬಂದು ನಿಂತದ್ದು ನನಗೆ ಬಹಳ ಸರಿಯೆನಿಸುತ್ತದೆ. ಇಬ್ಬರೂ ಅಧಿಕಾರದ ಮೆಟ್ಟಿಲಿನ ಕಟ್ಟಕಡೆಗೆ ನಿಂತವರು. ಆದರೆ ಮಗು ಕೂಗಿದಲ್ಲಿಗೆ ಕಥೆ ಮುಗಿಯುವುದಿಲ್ಲ. ಜನ ಗುಸುಗುಸು ಮಾತಾಡುತ್ತಾರೆ, ಕೊನೆಗೆ ಎಲ್ಲರೂ ಕೂಗುತ್ತಾರೆ, ರಾಜನಿಗೂ ನಿಜ ಗೊತ್ತಾಗುತ್ತದೆ. ಆದರೂ ಅವನು ಇನ್ನಷ್ಟು ಬಿಗುವಿನಿಂದ ಮುಂದೆ ನಡೆಯುತ್ತಾನೆ, ಹಿಂದಿನವರು ಇಲ್ಲದ ಸೆರಗನ್ನು ಹಿಡಿದು ಹಿಂಬಾಲಿಸುತ್ತಾರೆ. ಶಾಲೆಯ ಪುಸ್ತಕಗಳು ಈ ಕೊನೆಯ ಸಾಲನ್ನು ಸಾಮಾನ್ಯವಾಗಿ ಬಿಡುತ್ತವೆ. ನಿಜ ಹೇಳಿದರೆ ಸಾಕು, ಎಲ್ಲ ಸರಿಹೋಗುತ್ತದೆ ಎಂಬ ಸುಳ್ಳನ್ನು ಮಕ್ಕಳಿಗೆ ಹೇಳಲು ಆ ಸಾಲು ಅಡ್ಡ ಬರುತ್ತದೆ. ನಿಜ ಹೇಳಿದ ಮೇಲೂ ಮೆರವಣಿಗೆ ನಡೆಯುತ್ತಲೇ ಇರುತ್ತದೆ ಎಂಬುದು ಮಕ್ಕಳಿಗೆ ಮೊದಲೇ ಗೊತ್ತಿರುತ್ತದೆ.

ಇನ್ನು ‘ಅದು ದೊಡ್ಡವರಿಗೆ ಬರೆದದ್ದು’ ಎನ್ನುವವರ ಮಾತು. ಇವರು ಕೈಯಲ್ಲಿ ಒಂದು ಬೀಗದಕೈ ಹಿಡಿದು ಬರುತ್ತಾರೆ. ಈ ಪ್ರಾಣಿ ಎಂದರೆ ಆ ಸರ್ವಾಧಿಕಾರಿ, ಈ ಮರ ಎಂದರೆ ಆ ಪಕ್ಷ. ಬೀಗ ತೆಗೆದ ಕೂಡಲೇ ಕಥೆ ಮುಗಿಯಿತು ಅಂದುಕೊಳ್ಳುತ್ತಾರೆ. ಅವರ ಮುಂದೆ ನಾನು ಕೊರ್ನೇಯ್ ಚುಕೋವ್‌ಸ್ಕಿಯ ಜಿರಳೆಯನ್ನು ಇಡುತ್ತೇನೆ.

ರಷ್ಯಾದ ಮಕ್ಕಳು ನೂರು ವರ್ಷದಿಂದ ಬಾಯಿಪಾಠ ಹೇಳುತ್ತ ಬಂದಿರುವ ಪದ್ಯಕಥೆ ಅದು. ಪ್ರಾಣಿಗಳೆಲ್ಲ ಸವಾರಿ ಹೊರಟಿವೆ, ನಗುತ್ತಿವೆ, ತಿನ್ನುತ್ತಿವೆ. ದಾರಿಯಲ್ಲಿ ಮೀಸೆ ಕುಣಿಸುತ್ತ ಒಂದು ಜಿರಳೆ ಬಂದು ಎಲ್ಲರನ್ನೂ ನುಂಗಿಬಿಡುತ್ತೇನೆ ಎನ್ನುತ್ತದೆ. ತೋಳಗಳು ಹೆದರಿ ಒಂದನ್ನೊಂದು ತಿನ್ನುತ್ತವೆ. ಆನೆ ನಡುಗಿ ಮುಳ್ಳುಹಂದಿಯ ಮೇಲೆ ಕುಕ್ಕರಿಸುತ್ತದೆ. ಹೋಗಿ ತಿವಿಯಿರಿ ಎಂದರೆ ಗೂಳಿ, ಖಡ್ಗಮೃಗಗಳು ತಮ್ಮ ಚರ್ಮದ, ಕೊಂಬಿನ ಬೆಲೆಯ ಲೆಕ್ಕ ಹೇಳಿ ಹಿಂಜರಿಯುತ್ತವೆ. ಜಿರಳೆ ಕಾಡಿಗೇ ಒಡೆಯನಾಗಿ, ನಿಮ್ಮ ಮಕ್ಕಳನ್ನು ತನ್ನಿ, ರಾತ್ರಿಯ ಊಟಕ್ಕೆ ಬೇಕು ಎನ್ನುತ್ತದೆ. ತಾಯಂದಿರು ಅಳುತ್ತ ಮರಿಗಳಿಗೆ ವಿದಾಯ ಹೇಳತೊಡಗುತ್ತಾರೆ. ಎಲ್ಲಿಂದಲೋ ಬಂದ ಕಾಂಗರೂ ಬಿದ್ದುಬಿದ್ದು ನಕ್ಕು, ಇದೊಂದು ಜಿರಳೆಯಷ್ಟೇ ಎಂದಾಗ, ಉಳಿದ ಪ್ರಾಣಿಗಳೇ ಅವಳ ಬಾಯಿ ಮುಚ್ಚಿಸುತ್ತವೆ: ಸುಮ್ಮನಿರು, ನಮಗೆ ಇನ್ನೂ ಕೆಟ್ಟದ್ದಾದೀತು ಎಂದು. ಕೊನೆಗೆ ಒಂದು ಗುಬ್ಬಚ್ಚಿ ಹಾರಿ ಬಂದು ಜಿರಳೆಯನ್ನು ಕೊಕ್ಕಿನಿಂದ ಹೆಕ್ಕಿ ನುಂಗುತ್ತದೆ.

ಮೀಸೆಯ ಜಿರಳೆ ಎಂದರೆ ಸ್ಟಾಲಿನ್ ಎಂದು ಇಂದು ಯಾರನ್ನು ಕೇಳಿದರೂ ಹೇಳುತ್ತಾರೆ. 1933ರಲ್ಲಿ ಕವಿ ಮಾಂಡೆಲ್‌ಸ್ಟಾಮ್ ಸ್ಟಾಲಿನ್ನನ ಮೇಲೆ ಬರೆದ ಪದ್ಯದಲ್ಲೂ ಜಿರಳೆಯ ಮೀಸೆ ಬಂತು, ಅದಕ್ಕಾಗಿ ಅವನು ಸೆರೆಗೆ ಹೋದ. ಆದರೆ ಚುಕೋವ್‌ಸ್ಕಿಯ ಪುಸ್ತಕ ಪ್ರಕಟವಾದದ್ದು 1923ರಲ್ಲಿ. ಲೆನಿನ್ ಇನ್ನೂ ಬದುಕಿದ್ದ, ಸ್ಟಾಲಿನ್ ಸರ್ವಾಧಿಕಾರಿಯಾಗಿರಲಿಲ್ಲ. ಅಷ್ಟೇ ಅಲ್ಲ, 1930ರ ಪಕ್ಷದ ಮಹಾಧಿವೇಶನದಲ್ಲಿ ಸ್ಟಾಲಿನ್ ತಾನೇ ತನ್ನ ವಿರೋಧಿಗಳನ್ನು, ಎಲ್ಲೋ ಜಿರಳೆ ಸರಿದಾಡಿದ ಸದ್ದಿಗೆ ಬೆಚ್ಚಿ ಬೀಳುವವರು ಎಂದು ಹಂಗಿಸಿದ. ಬೀಗದಕೈ ಇಲ್ಲಿ ಯಾವ ಬೀಗಕ್ಕೂ ಹೊಂದುವುದಿಲ್ಲ. ಬಾಗಿಲು ಕಟ್ಟಿದ್ದೇ ಮೊದಲು, ಮನೆಗೆ ಬಂದು ಕೂತವನು ಆಮೇಲೆ.

ಹಾಗಾದರೆ ಆ ಪದ್ಯದಲ್ಲಿ ವಿಡಂಬನೆ ಇಲ್ಲವೇ? ಖಂಡಿತ ಇದೆ, ಬೀಗದಕೈಯವರು ಅಂದುಕೊಂಡದ್ದಕ್ಕಿಂತ ಹೆಚ್ಚಾಗಿದೆ. ಅದು ಯಾವ ಒಬ್ಬನ ಮೇಲೂ ಅಲ್ಲ. ಹೆದರಿಕೆ ಹೇಗೆ ಹರಡುತ್ತದೆ, ಕೊಂಬಿದ್ದವನು ಯಾವ ನೆಪ ಹೇಳುತ್ತಾನೆ, ನಗುವವಳ ಬಾಯನ್ನು ನೆರೆಯವರೇ ಯಾಕೆ ಮುಚ್ಚಿಸುತ್ತಾರೆ, ಇದನ್ನೆಲ್ಲ ಆ ಕಥೆ ತೋರಿಸುತ್ತದೆ. 1923ರ ಐದು ವರ್ಷದ ಮಗು ಇದನ್ನು ಕೇಳಿ ನಕ್ಕಿತು. ಅದೇ ಮಗುವಿಗೆ ಸ್ಟಾಲಿನ್ನನ ಭೀತಿಯ ಆಳ್ವಿಕೆಯ 1937 ಬರುವ ಹೊತ್ತಿಗೆ ಹತ್ತೊಂಬತ್ತು. ಆಗ ಸುತ್ತ ನಡೆದದ್ದನ್ನು ಗುರುತು ಹಿಡಿಯಲು ಅದಕ್ಕೆ ಚಿಕ್ಕಂದಿನಲ್ಲೇ ಒಂದು ಮಾತು ಸಿಕ್ಕಿತ್ತು. ವಿಡಂಬನೆ ಮಗುವಿಗೆ ಅರ್ಥವಾಗುವುದಿಲ್ಲ, ಯಾಕೆಂದರೆ ಅದಕ್ಕೆ ಸ್ಟಾಲಿನ್ ಗೊತ್ತಿಲ್ಲ ಎನ್ನುವವರು ಕ್ರಮವನ್ನೇ ತಿರುಗುಮುರುಗು ಮಾಡುತ್ತಾರೆ. ಸ್ಟಾಲಿನ್‌ನನ್ನು ಅರ್ಥ ಮಾಡಿಕೊಳ್ಳಲು ಮಗುವಿಗೆ ಜಿರಳೆ ಮೊದಲು ಬೇಕು. ಈ ಚುಕೋವ್‌ಸ್ಕಿಯ ಮಕ್ಕಳ ಪುಸ್ತಕಗಳ ಮೇಲೆ ಆ ನಾಡಿನಲ್ಲಿ ದಾಳಿ ನಡೆದದ್ದನ್ನೂ ಇಲ್ಲೇ ನೆನೆಯಬೇಕು. 1928ರಲ್ಲಿ ಲೆನಿನ್ನನ ಪತ್ನಿ ಕ್ರೂಪ್‌ಸ್ಕಾಯ ‘ಪ್ರಾವ್ದಾ’ದಲ್ಲಿ ಅವನ ಮೊಸಳೆಯ ಕಥೆಯನ್ನು ಖಂಡಿಸಿ ಬರೆದರು. ಮಕ್ಕಳಿಗೆ ಇಂಥದ್ದು ಬೇಡ ಎಂಬುದೇ ಅವರ ವಾದವೂ ಆಗಿತ್ತು.

ನಮ್ಮ ದೇಶದಲ್ಲಿ ಇದನ್ನು ಚೆನ್ನಾಗಿ ತಿಳಿದಿದ್ದವರು ಸತ್ಯಜಿತ್ ರಾಯ್. 1980ರ ‘ಹೀರಕ್ ರಾಜಾರ್ ದೇಶೆ’ ಮಕ್ಕಳ ಸಿನಿಮಾ. ಹಾಡಿದೆ, ಮಾಯೆಯಿದೆ, ಹುಲಿಯಿದೆ. ಅದರಲ್ಲಿ ರಾಜ ಶಾಲೆ ಮುಚ್ಚಿಸುತ್ತಾನೆ, ಪುಸ್ತಕ ಸುಡಿಸುತ್ತಾನೆ, ಎದುರು ಮಾತಾಡುವ ರೈತನನ್ನೂ ಗಣಿ ಕಾರ್ಮಿಕನನ್ನೂ ಒಂದು ಯಂತ್ರದ ಕೋಣೆಗೆ ನೂಕಿ, ಪ್ರಾಸಬದ್ಧ ಘೋಷಣೆಗಳನ್ನು ತಲೆಗೆ ತುಂಬಿಸುತ್ತಾನೆ. ಉತ್ಸವಕ್ಕೆ ಅತಿಥಿಗಳು ಬರುವ ಮೊದಲು ಬಡವರನ್ನೆಲ್ಲ ಕಣ್ಣಿಗೆ ಕಾಣದ ಕಡೆಗೆ ಅಟ್ಟುತ್ತಾರೆ. ಆ ದೃಶ್ಯ ತುರ್ತುಪರಿಸ್ಥಿತಿಯಲ್ಲಿ ದೆಹಲಿಯಲ್ಲೂ ಇತರ ನಗರಗಳಲ್ಲೂ ನಡೆದದ್ದರ ನೇರ ಪ್ರತಿಬಿಂಬ ಎಂದು ರಾಯ್ ಸಂದರ್ಶನದಲ್ಲಿ ಒಪ್ಪಿಕೊಂಡಿದ್ದರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಆ ಸಿನಿಮಾದಲ್ಲಿ ಎಲ್ಲರೂ ಪ್ರಾಸದಲ್ಲೇ ಮಾತಾಡುತ್ತಾರೆ, ಮೇಷ್ಟರಾದ ಉದಯನ್ ಪಂಡಿತನ ಹೊರತು. ಬಾಯಿಪಾಠದ ಬಂಧನಕ್ಕೆ ಸಿಗದವನು ಅವನೊಬ್ಬ. ಇದನ್ನು ಯಾರೂ ಮಕ್ಕಳಿಗೆ ಬಿಡಿಸಿ ಹೇಳುವುದಿಲ್ಲ, ಅವರ ಕಿವಿ ಹಿಡಿಯುತ್ತದೆ. ಮಗ್ಗಿಯನ್ನೂ ಪದ್ಯವನ್ನೂ ರಾಗವಾಗಿ ಒಪ್ಪಿಸುವ ಕಿವಿಗೆ, ರಾಗವಿಲ್ಲದೆ ಮಾತಾಡುವವನು ಬೇರೆ ಎಂದು ಗೊತ್ತಾಗದೆ ಇರುತ್ತದೆಯೇ?

ಮಕ್ಕಳ ವಿಡಂಬನೆ ಮಕ್ಕಳಿಗೆ ನಾಟುವುದಿಲ್ಲ ಎಂದು ವಿಮರ್ಶಕರು ಹೇಳಲಿ, ಅಧಿಕಾರದಲ್ಲಿ ಕೂತವರು ಮಾತ್ರ ಎಂದೂ ಹಾಗೆ ನಂಬಿಲ್ಲ. ಹಾಂಗ್‌ಕಾಂಗ್‌ನಲ್ಲಿ ಮಾತಿನ ತೊಂದರೆ ಇರುವ ಮಕ್ಕಳಿಗೆ ಚಿಕಿತ್ಸೆ ಕೊಡುವ ಐವರು, ಕುರಿಗಳ ಹಳ್ಳಿ ಮತ್ತು ತೋಳಗಳ ಬಗ್ಗೆ ಮೂರು ಚಿತ್ರಪುಸ್ತಕ ತಂದರು. ಅಲ್ಲಿನ 2019ರ ಪ್ರತಿಭಟನೆ ಮತ್ತು ಆಮೇಲಿನ ಘಟನೆಗಳೇ ಆ ಕಥೆಗಳ ವಸ್ತು. 2021ರ ಜುಲೈಯಲ್ಲಿ ಅವರನ್ನು ಬಂಧಿಸಿದರು. 2022ರ ಸೆಪ್ಟೆಂಬರಿನಲ್ಲಿ ಬ್ರಿಟಿಷರ ಕಾಲದ ರಾಜದ್ರೋಹದ ಕಾನೂನಿನಡಿ ತಲಾ 19 ತಿಂಗಳ ಸೆರೆವಾಸ ವಿಧಿಸಿದರು. ಕಲೆಯ ದೃಷ್ಟಿಯಿಂದ ಆ ಪುಸ್ತಕಗಳ ಬಗ್ಗೆ ನನಗೆ ತಕರಾರಿದೆ. ಕುರಿಗಳೆಲ್ಲ ಒಳ್ಳೆಯವು, ತೋಳಗಳೆಲ್ಲ ಕೆಟ್ಟವು ಎಂಬ ಕಥೆಯಲ್ಲಿ ಮಗುವಿಗೆ ಯೋಚಿಸಲು ಉಳಿಯುವುದು ಕಡಿಮೆ. ಆದರೆ ಆ ತಕರಾರಿಗೆ ಉತ್ತರ ಇನ್ನೂ ಒಳ್ಳೆಯ ಕಥೆ, ಸೆರೆಮನೆಯಲ್ಲ. ಕೆನಡಾದಲ್ಲಿ ಇಷ್ಟು ಕ್ರೂರವಾಗಿ ನಡೆಯಲಿಲ್ಲ, ಬುದ್ಧಿ ಮಾತ್ರ ಅದೇ. ಡಾಕ್ಟರ್ ಸ್ಯೂಸ್ 1958ರಲ್ಲಿ ಬರೆದ ಆಮೆಯ ಕಥೆಯಲ್ಲಿ ರಾಜ ಆಮೆ ತಾನು ಎತ್ತರದಲ್ಲಿ ಕೂರಲು ಉಳಿದವರನ್ನು ಒಬ್ಬರ ಮೇಲೊಬ್ಬರಂತೆ ಪೇರಿಸುತ್ತದೆ. ಅಡಿಯಲ್ಲಿರುವ ಸಾಮಾನ್ಯ ಆಮೆಯೊಂದು ತೇಗುತ್ತದೆ, ಗೋಪುರ ಅಲ್ಲಾಡಿ ರಾಜ ಕೆಸರಿಗೆ ಬೀಳುತ್ತಾನೆ. 2012ರಲ್ಲಿ ಪ್ರಿನ್ಸ್ ರುಪರ್ಟ್ ಎಂಬ ಊರಿನ ಶಿಕ್ಷಕಿಯೊಬ್ಬರಿಗೆ, ಅಡಿಯಲ್ಲಿರುವವರಿಗೂ ಹಕ್ಕಿರಬೇಕು ಎಂಬ ಅರ್ಥದ ಅದರ ಸಾಲು ರಾಜಕೀಯವಾಯಿತು, ತರಗತಿಯಲ್ಲಿ ಬೇಡ ಎಂದು ಶಾಲಾ ಆಡಳಿತದವರು ಹೇಳಿದರು. ಹಕ್ಕು ಎಂಬ ಮಾತು ರಾಜಕೀಯ, ಮೇಲೆ ಕೂತದ್ದು ರಾಜಕೀಯವಲ್ಲ!

ನನ್ನ ಎದುರು ನಿಂತವರಲ್ಲಿ ಒಬ್ಬರ ಮಾತನ್ನು ನಾನು ಹಗುರಾಗಿ ತಳ್ಳಿಹಾಕಲಾರೆ. ರಾಜಕೀಯಕ್ಕೆ ಬಾಗಿಲು ತೆರೆದರೆ ಯಾವ ರಾಜಕೀಯ ಒಳಗೆ ಬರುತ್ತದೆ ಎಂದು ಹೇಗೆ ಗೊತ್ತು ಎಂದು ಅವರು ಕೇಳುತ್ತಾರೆ. 1938ರಲ್ಲಿ ಜರ್ಮನಿಯಲ್ಲಿ ನಾಜಿಗಳು ‘ವಿಷದ ಅಣಬೆ’ ಎಂಬ ಹೆಸರಿನ ಮಕ್ಕಳ ಪುಸ್ತಕ ತಂದರು. ಪಕ್ಕದ ಮನೆಯ ಯಹೂದಿಯನ್ನು ವಿಷದ ಅಣಬೆಯಂತೆ ಗುರುತು ಹಿಡಿಯುವುದು ಹೇಗೆ ಎಂದು ಕಲಿಸುವ ಕಥೆಗಳು ಅವು. ಅದರಲ್ಲೂ ಗೇಲಿಯಿದೆ, ಚಿತ್ರವಿದೆ. ಅದಕ್ಕೂ ಇದಕ್ಕೂ ವ್ಯತ್ಯಾಸವೇನು?

ಗೇಲಿ ಯಾರ ಮೇಲೆ ಬೀಳುತ್ತದೆ ಎಂಬುದು ಮೊದಲ ವ್ಯತ್ಯಾಸ. ಜಿರಳೆ, ನೀಲಿ ನರಿ, ಹೀರಕ್ ರಾಜ, ಇವರೆಲ್ಲ ಮೇಲೆ ಕೂತವರು. ವಿಷದ ಅಣಬೆಯ ಗೇಲಿ ಬಿದ್ದದ್ದು ಆಗಲೇ ಬೀದಿಗೆ ಬಿದ್ದಿದ್ದವರ ಮೇಲೆ. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಆ ಪುಸ್ತಕ ಮಗುವಿಗೆ ಪ್ರಶ್ನೆ ಉಳಿಸುವುದಿಲ್ಲ, ಗುರುತು ಹಿಡಿ, ದ್ವೇಷಿಸು, ಮುಗಿಯಿತು ಎನ್ನುತ್ತದೆ. ನರಿಯ ಕಥೆ ಕೇಳಿದ ಮಗು ಹುಲಿಯ ಮೂಗಿನ ಬಗ್ಗೆ ಕೇಳುತ್ತದೆ. ಕೆಳಗೆ ಗೆರೆ ಎಳೆದು ಒಂದೇ ಉತ್ತರ ಬರೆಯುವ ನಮ್ಮ ‘ಶುದ್ಧ’ ನೀತಿ ಕಥೆಯ ರೂಪ ಆ ವಿಷದ ಪುಸ್ತಕಕ್ಕೆ ಎಷ್ಟು ಹತ್ತಿರ, ಮಗುವಿಗೆ ಪ್ರಶ್ನೆ ಬಿಡುವ ವಿಡಂಬನೆಯ ರೂಪ ಅದರಿಂದ ಎಷ್ಟು ದೂರ ಎಂದು ಒಮ್ಮೆ ಅಕ್ಕಪಕ್ಕ ಇಟ್ಟು ನೋಡಿ. ಬಾಯಿಪಾಠಕ್ಕೆ ಒಗ್ಗಿದ ಮಗುವಿಗೆ ಯಾರು ಬೇಕಾದರೂ ಬಂದು ಬಾಯಿಪಾಠ ಮಾಡಿಸಬಹುದು.

ಮಕ್ಕಳ ಪುಸ್ತಕದಲ್ಲಿ ರಾಜಕೀಯ ಇರಬಾರದು ಎನ್ನುವವರು ನಮ್ಮ ರಾಜ್ಯದ ಪಠ್ಯಪುಸ್ತಕಗಳ ಕಡೆ ಒಮ್ಮೆ ಕಣ್ಣು ಹಾಯಿಸಲಿ. 2022ರಲ್ಲಿ ಪರಿಷ್ಕರಣೆಯ ಗದ್ದಲ, ಯಾವ ಲೇಖಕರು ಒಳಗೆ, ಯಾರು ಹೊರಗೆ ಎಂದು ಬೀದಿ ಜಗಳ. 2023ರಲ್ಲಿ ಸರ್ಕಾರ ಬದಲಾದದ್ದೇ ತಡ, ಪಾಠಗಳೂ ಮತ್ತೆ ಬದಲಾದವು. ಎಲ್ಲ ಪಕ್ಷಕ್ಕೂ ಗೊತ್ತು, ಮಕ್ಕಳು ಏನು ಓದುತ್ತಾರೆ ಎಂಬುದು ರಾಜಕೀಯವೇ ಎಂದು. ಮಕ್ಕಳ ಬ್ಯಾಗಿನೊಳಗೆ ರಾಜಕೀಯ ದಿನಾ ಬೆಳಿಗ್ಗೆ ಕಿಲೋಗಟ್ಟಲೆ ಶಾಲೆಗೆ ಹೋಗುತ್ತದೆ. ಅದನ್ನು ಕಂಡು ನಗುವ ಶಕ್ತಿಯೊಂದನ್ನು ಮಾತ್ರ ಆ ಬ್ಯಾಗಿನಿಂದ ತೆಗೆದಿಡುತ್ತೇವೆ.

ಕನ್ನಡದಲ್ಲಿ ಹುಟ್ಟಿದ ಪ್ರತಿ ಮಗುವೂ ಕಿಂದರಿಜೋಗಿಯನ್ನು ಕುಣಿದು ಹಾಡಿದೆ. ಬ್ರೌನಿಂಗ್‌ನ ಕಥೆಯನ್ನು ತಂದು ಕುವೆಂಪು ಅದನ್ನು ತುಂಗೆಯ ದಡದಲ್ಲಿ ನಮ್ಮದೇ ಹಳ್ಳಿಯ ಕಥೆ ಮಾಡಿದರು. ವಾರ್ಷಿಕೋತ್ಸವದ ವೇದಿಕೆಯಲ್ಲಿ ಇಲಿಗಳ ಕುಣಿತಕ್ಕೆ ಎಲ್ಲರೂ ಕಾಯುತ್ತಾರೆ. ಊರಿನ ಗೌಡ ಕೊಟ್ಟ ಮಾತಿಗೆ ತಪ್ಪಿದ್ದಕ್ಕೆ ಊರಿನ ಮಕ್ಕಳು ಬೆಲೆ ತೆತ್ತರು ಎಂಬುದೇ ಆ ಕಥೆಯ ಎಲುಬು. ಆಳುವವರು ತಪ್ಪಿದಾಗ ಮೊದಲು ಕಾಣೆಯಾಗುವವರು ಮಕ್ಕಳು. ಇದನ್ನು ಹೇಳುವ ಪದ್ಯವನ್ನು ಮಕ್ಕಳ ಬಾಯಿಂದಲೇ ಹಾಡಿಸಿ, ಅದರಲ್ಲಿ ರಾಜಕೀಯ ಇಲ್ಲ ಎಂದು ನಂಬಿ ಕೂತಿದ್ದೇವೆ.

ಶಾಲೆಯ ನಾಟಕದ ಕಥೆ ಹೇಳಿ ಮುಗಿಸುತ್ತೇನೆ. ಮರುದಿನ ತಾಲೀಮಿನಲ್ಲಿ, ಪೊದೆಯ ಹಿಂದಿನ ಪಾತ್ರ ಇರುವುದಿಲ್ಲ ಎಂದು ಮಕ್ಕಳಿಗೆ ಹೇಳಿದೆ. ಆ ಪಾತ್ರ ಮಾಡುತ್ತಿದ್ದದ್ದು ಐದನೇ ತರಗತಿಯ ಒಬ್ಬ ಹುಡುಗಿ. ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಸ್ವಲ್ಪ ಹೊತ್ತು ಯೋಚನೆ ಮಾಡಿ ಕೇಳಿದಳು: “ಹಾಗಾದ್ರೆ ಹಕ್ಕಿ ನೋಡ್ಬೇಕು ಅಂತ ರಾಜಂಗೆ ಹೇಳೋರು ಯಾರು?” ಪಂಡಿತರು ಹೇಳಲಿ ಎಂದೆ. “ಅವ್ರು ಯಾಕೆ ಹೇಳ್ತಾರೆ ಸಾರ್, ಅವ್ರಿಗೆ ದುಡ್ಡು ಬರ್ತಿದೆಯಲ್ಲ” ಎಂದಳು. ಹಕ್ಕಿಯೇ ಕೂಗಲಿ ಎಂದೆ. ಹಕ್ಕಿಯಾಗಿದ್ದ ಹುಡುಗ ತಾನೇ ಹೇಳಿದ, ತನ್ನ ಬಾಯಿ ತುಂಬಾ ಕಾಗದ ತುರುಕಿದ್ದಾರೆ ಎಂದು. ಅವರಿಗೆ ಹೇಳಲು ನನ್ನ ಬಳಿ ಮತ್ತೇನೂ ಉಳಿದಿರಲಿಲ್ಲ. ಅಲ್ಲಿಂದ ಎದ್ದು ನೇರ ಕಚೇರಿಗೆ ಹೋಗಿ, ಆ ಪಾತ್ರವಿಲ್ಲದೆ ಈ ನಾಟಕವಿಲ್ಲ ಎಂದೆ. ನಾಟಕವಿಲ್ಲ ಎಂದೇ ಆಯಿತು. ಅದರ ಹೊತ್ತಿಗೆ ಒಂದು ಗುಂಪು ನೃತ್ಯ ಇಟ್ಟರು.

ಬೇಸಿಗೆ ರಜೆಯಲ್ಲಿ ಹದಿನೆಂಟರಲ್ಲಿ ಹನ್ನೊಂದು ಮಕ್ಕಳು ಬಂದರು. ನಮ್ಮ ಬೀದಿಯ ಕೊನೆಯಲ್ಲಿ ಒಂದು ಖಾಲಿ ಸೈಟಿದೆ, ಅದರ ಮೂಲೆಯಲ್ಲಿ ದಾಸವಾಳದ ಪೊದೆ. ಸಂಜೆ ಐದೂವರೆಗೆ ಅಲ್ಲೇ ಆಡಿದೆವು, ನೋಡಿದವರು ಮೂವತ್ತು ಮಂದಿ ಇರಬಹುದು. ಇಬ್ಬರು ಹುಡುಗರು ಬಗ್ಗಿ ಆನೆಯಾದರು. ರಾಜ ಒಂದು ಕಾಲೆತ್ತಿ ಹತ್ತಲು ಹೊರಟ. ಪೊದೆಯ ಹಿಂದಿನಿಂದ ಅವಳು ಕೂಗಿದ ರಭಸಕ್ಕೆ ಆನೆಯೇ ಬೆದರಿ ನಕ್ಕು ಕುಸಿಯಿತು, ರಾಜ ಅಂಗಾತ ಬಿದ್ದ. ಎದ್ದು, ಚಡ್ಡಿಯ ಮಣ್ಣು ಕೊಡವಿಕೊಂಡು, ಕಿರೀಟ ಸರಿಮಾಡಿಕೊಂಡು, ಪಂಜರದ ಕಡೆಗೆ ತಿರುಗಿದ.